ನರ್ಸರಿಗೆ ನಾಲ್ಕು ಸ್ಟಾರ್, ಚಳಿಗಾಲ ಕಳೆದ ಮೇಲೆ

ಗಿಡದಂಗಡಿಯ ರಿವ್ಯೂಗಳನ್ನೆಲ್ಲ ಜನ ಮೇ ತಿಂಗಳಲ್ಲಿ ಬರೀತಾರೆ. ಆಗ ಎಲ್ಲವೂ ಹಸಿರು, ಎಲ್ಲದಕ್ಕೂ ಐದು ಸ್ಟಾರ್. ಶಿಕಾಗೋ ಪಕ್ಕದ ನಮ್ಮೂರಲ್ಲಿ ಗಿಡದ ಹಣೆಬರಹ ಗೊತ್ತಾಗೋದು ಮರುವರ್ಷದ ಏಪ್ರಿಲ್‌ಗೆ. ಹಾಗಾಗಿ ಮನೆ ಹತ್ತಿರದ ನರ್ಸರಿಯಿಂದ ಹೋದ ಮೇನಲ್ಲಿ ತಂದ ಎಂಟು ಗಿಡಗಳ ಬಗ್ಗೆ ಈಗ ಬರೀತಿದ್ದೀನಿ. ಐದು ಬದುಕಿವೆ, ಮೂರು ಹೋದವು.

ಅಂಗಡಿಯಲ್ಲಿ ನನಗೆ ಮೊದಲು ಇಷ್ಟವಾಗಿದ್ದು ಪ್ರತಿ ಕುಂಡಕ್ಕೂ ಚುಚ್ಚಿದ ಚೀಟಿ. ಬಿಸಿಲು ಎಷ್ಟು, ನೀರು ಎಷ್ಟು ಅನ್ನೋದರ ಜೊತೆ ಗಿಡ ಯಾವ ಜೋನ್‌ವರೆಗೆ ತಡೆಯುತ್ತೆ ಅಂತ ದಪ್ಪಕ್ಷರದಲ್ಲಿ ಇರುತ್ತೆ. ಇಲ್ಲಿನ ಕೃಷಿ ಇಲಾಖೆ ದೇಶವನ್ನ ಚಳಿಯ ಲೆಕ್ಕದಲ್ಲಿ ಜೋನ್‌ಗಳಾಗಿ ಹಂಚಿದೆ; ಅಂಕಿ ಕಡಿಮೆಯಾದಷ್ಟೂ ಚಳಿ ಜಾಸ್ತಿ. ಜೋನ್ 5 ಅಂದ್ರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 23ರಿಂದ ಮೈನಸ್ 29 ಸೆಲ್ಸಿಯಸ್. ಹಳೆಯ ನಕ್ಷೆಯಲ್ಲಿ ನಾವು 5ಬಿ, ಅಂದ್ರೆ ಜೋನ್ 5ರಲ್ಲಿ ಕಡಿಮೆ ಚಳಿಯ ಅರ್ಧ. 2023ರ ಹೊಸ ನಕ್ಷೆ ಸುತ್ತಮುತ್ತ ಎಷ್ಟೋ ಜಾಗಕ್ಕೆ 6ಎ ಅಂತ ಬಡ್ತಿ ಕೊಟ್ಟಿದೆ. ನಾನು ಆ ಬಡ್ತಿಯನ್ನ ನಂಬಲ್ಲ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 31 ಸೆಲ್ಸಿಯಸ್ ಆಗಿತ್ತು. ಗಿಡ ಸಾಯೋಕೆ ಸರಾಸರಿ ಬೇಕಿಲ್ಲ, ಅಂಥ ಒಂದು ರಾತ್ರಿ ಸಾಕು. ಅದಕ್ಕೇ 5 ಅಥವಾ ಅದಕ್ಕಿಂತ ಕಡಿಮೆ ಅಂಕಿ ಇರೋದನ್ನೇ ಆರಿಸಿದೆ: ಅಡುಗೆ ಸೊಪ್ಪುಗಳಾದ ಚೈವ್ಸ್, ಥೈಮ್, ಓರೆಗಾನೊ, ಸೇಜ್, ಜೊತೆಗೆ ಮನ್‌ಸ್ಟೆಡ್ ಅನ್ನೋ ತಳಿಯ ಎರಡು ಲ್ಯಾವೆಂಡರ್.

ರೋಸ್ಮರಿ ಎತ್ತಿಕೊಂಡಾಗ ಅಲ್ಲಿ ಕೆಲಸ ಮಾಡೋ ಅಜ್ಜಿ, ಕೈಯೆಲ್ಲ ಮಣ್ಣು, ನೇರವಾಗಿ ಹೇಳಿದರು: "ನೆಲದಲ್ಲಿಟ್ಟರೆ ಇದು ಡಿಸೆಂಬರ್ ದಾಟಲ್ಲ. ಬೇಕಾದ್ರೆ ಕುಂಡದಲ್ಲಿ ಬೆಳೆಸಿ ಒಳಗಿಟ್ಕೊಳ್ಳಿ." ಕುಂಡವನ್ನ ಚಳಿಗಾಲದಲ್ಲೂ ಹೊರಗೇ ಬಿಡೋದಾದ್ರೆ ನಮ್ಮ ಜೋನ್‌ಗಿಂತ ಎರಡು ಅಂಕಿ ಕೆಳಗಿನ ಗಿಡ ತಗೊಳ್ಳಿ, ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತೆ ಅಂತಾನೂ ಅಂದರು. ಮಾರೋರೇ ಹೀಗೆ ಹೇಳೋದು ಅಪರೂಪ. ಆದರೂ ರೋಸ್ಮರಿ ತಂದೆ, ಒಳಗೇ ಇಟ್ಟೆ. ಹೀಟರ್‌ನ ಒಣ ಗಾಳಿಗೆ ಫೆಬ್ರವರಿಯಲ್ಲಿ ಹೋಯ್ತು. ಅದು ನನ್ನ ತಪ್ಪು.

ಆದರೆ ಒಂದು ಸ್ಟಾರ್ ಕಿತ್ತುಕೊಂಡಿದ್ದಕ್ಕೆ ಕಾರಣ ಎಂಟನೇ ಗಿಡ. ನಾನು ಬಿಲ್ ಕೊಡ್ತಿದ್ದಾಗ ನಮ್ಮ ಯಜಮಾನರು ಓಡಿ ಬಂದು "ಕರಿ ಪ್ಲಾಂಟ್ ಸಿಕ್ತು ಕಣೇ!" ಅಂತ ಕುಂಡ ಇಟ್ಟರು. ಬೆಳ್ಳಿಬೂದು ಬಣ್ಣ, ಸೂಜಿಯಂಥ ಎಲೆ. ಕರಿಬೇವಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಅದು ಹೆಲಿಕ್ರೈಸಮ್, ವಾಸನೆ ಮಾತ್ರ ಅಂಗಡಿಯ ಕರಿ ಪೌಡರ್ ಥರ. ಪಕ್ಕದ ಬೋರ್ಡಲ್ಲಿ ಮಾತ್ರ "ಭಾರತೀಯ ಅಡುಗೆಗೆ" ಅಂತ ಬರೆದಿತ್ತು. ಅಷ್ಟು ಗಿಡಗಳಲ್ಲಿ ಚೀಟಿ ಇಲ್ಲದ್ದೂ ಅದೊಂದೇ. ಬಿಲ್ ಆಗಿಬಿಟ್ಟಿತ್ತು, ವಾಪಸ್ ತಗೊಳ್ಳಲಿಲ್ಲ. ಯಜಮಾನರು ಹಟಕ್ಕೆ ಅದನ್ನೇ ಸಾರಿನ ಒಗ್ಗರಣೆಗೆ ಹಾಕಿದರು. ಕಹಿ. ಡಿಸೆಂಬರ್‌ನ ಮೊದಲ ಗಟ್ಟಿ ಚಳಿಗೆ ಅದು ಕರಕಲಾದಾಗ ನನಗೇನೂ ಬೇಜಾರಾಗಲಿಲ್ಲ. ನಿಜವಾದ ಕರಿಬೇವು ದಕ್ಷಿಣದ ಕಿಟಕಿಯಲ್ಲಿ, ಇದ್ದಬದ್ದ ಎಲೆ ಉದುರಿಸಿಕೊಂಡು ಮುನಿಸಿಕೊಂಡು ಕೂತಿದೆ.

ನವೆಂಬರ್ ಕೊನೆಗೆ, ನೆಲ ಗಟ್ಟಿಯಾದ ಮೇಲೆ, ಗಿಡಗಳ ಮೇಲೆ ಓಕ್ ತರಗೆಲೆ ಹೊದಿಸಿದೆ. ವಿಡಿಯೋದಲ್ಲಿ ನೋಡಿದ ಅಮ್ಮ, "ಒಣಗಿದ್ದಕ್ಕೆ ಹೊದಿಕೆ ಬೇರೆ ಕೇಡು" ಅಂದಳು. ಮಾರ್ಚ್‌ನಲ್ಲಿ ಅರ್ಧ ಹಿಮ ಕರಗಿರುವಾಗಲೇ ಚೈವ್ಸ್ ದಾರದಂಥ ಎಲೆ ಹೊರಗೆ ಚಾಚಿತ್ತು. ಸೇಜ್ ಮಾತ್ರ ಕಂದು ಕಡ್ಡಿ. ಕೀಳೋಕೆ ಹೋದವಳು ತಡೆದು, ಕಡ್ಡಿಯ ಬುಡವನ್ನ ಉಗುರಲ್ಲಿ ಕೆರೆದೆ; ತೊಗಟೆಯಡಿ ಹಸೀ ಹಸಿರು. ಮೂರು ವಾರ ಬಿಟ್ಟು ಚಿಗುರಿತು. ಥೈಮ್ ಕೂಡ ಹಾಗೇ. ಲ್ಯಾವೆಂಡರ್‌ನಲ್ಲಿ ದಿಬ್ಬದ ಮೇಲಿನದು ಬದುಕಿದೆ. ಸೂರಿನ ನೀರು ಬೀಳೋ ಕಡೆ ನೆಟ್ಟದ್ದು ಹೋಯ್ತು. ಒದ್ದೆ ಜೇಡಿಮಣ್ಣು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಬೇರಿನ ಉಂಡೆಯನ್ನ ಎರಡು ಬೆರಳು ಮೇಲಕ್ಕೆ ನೂಕಿಬಿಟ್ಟಿತ್ತು. ಒಂದೇ ಚೀಟಿ, ಒಂದೇ ಜೋನ್, ನಡುವೆ ಹತ್ತು ಹೆಜ್ಜೆ.

ಕೊಟ್ಟ ದುಡ್ಡಿಗೆ ಮೋಸ ಮಾಡದ್ದು ಓರೆಗಾನೊ. ಎಲೆ ಕಿವುಚಿದರೆ ದೊಡ್ಡಪತ್ರೆಯ ಘಾಟು. ಎರಡರ ಎಣ್ಣೆಯಲ್ಲೂ ಕಾರ್ವಕ್ರಾಲ್ ಅನ್ನೋ ಘಾಟಿನ ಅಂಶ ಇದೆಯಂತೆ, ಮೂಗಿಗೆ ಅದು ಮೊದಲೇ ಗೊತ್ತಾಗಿತ್ತು. ಹೋದ ಭಾನುವಾರ ಹೊಸ ಚಿಗುರು ಏಳೆಂಟು ಕಿತ್ತು, ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದೆ. ದೊಡ್ಡಪತ್ರೆ ಹಾಕೋ ಅಳತೆಯ ಅರ್ಧ ಸಾಕು, ಇಲ್ಲಾಂದ್ರೆ ಪಿಜ್ಜಾ ತಂಬುಳಿ ಆಗುತ್ತೆ. ತೀರ್ಥಹಳ್ಳಿಯ ಅಮ್ಮನಿಗೆ ಇದನ್ನ ಇನ್ನೂ ಹೇಳಿಲ್ಲ.

ಈ ಶನಿವಾರ ಮತ್ತೆ ಹೋಗ್ತಿದ್ದೀನಿ. ದಿಬ್ಬಕ್ಕೆ ಇನ್ನೊಂದು ಲ್ಯಾವೆಂಡರ್, ಸೂರಿನ ಕೆಳಗಿನ ಒದ್ದೆ ಜಾಗಕ್ಕೆ ಪುದೀನ. ಯಜಮಾನರನ್ನ ಕಾರಲ್ಲೇ ಕೂರಿಸ್ತೀನಿ.