ಆ್ಯಪ್ ಇದ್ದರಷ್ಟೇ ಓಡುವ ರೋಬೋಟ್ ಕಿಟ್ ತಗೊಳ್ಳಬೇಡಿ

ಮಗಳಿಗೆ ಒಂಬತ್ತು ತುಂಬಿದಾಗ ಒಂದು ರೋಬೋಟಿಕ್ಸ್ ಕಿಟ್ ಕೊಡಿಸಿದೆ. ಡಬ್ಬದ ಮೇಲೆ ನಾಯಿ, ಏಡಿ, ಕ್ರೇನ್ ಚಿತ್ರ. 'ಒಂದರಲ್ಲಿ ಹನ್ನೆರಡು ರೋಬೋಟ್, 240 ಬಿಡಿಭಾಗ' ಅಂತ ದೊಡ್ಡ ಅಕ್ಷರ. ನಾನು ಬಿದ್ದಿದ್ದು ಆ 240ಕ್ಕೆ. ಬಿಚ್ಚಿ ನೋಡಿದರೆ ಮುಕ್ಕಾಲು ಪಾಲು ಸ್ಕ್ರೂ, ನಟ್ಟು, ಪ್ಲಾಸ್ಟಿಕ್ ಪಿನ್ನು. ಕೆಲಸದ ಸಾಮಾನು ಎರಡು ಮೋಟಾರು, ಒಂದು ಸರ್ವೋ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟಾರು), ದೂರ ಅಳೆಯುವ ಒಂದು ಸೆನ್ಸರ್, ಇವನ್ನೆಲ್ಲ ನಡೆಸುವ ಒಂದು ಬೋರ್ಡು. ಹನ್ನೆರಡು ರೋಬೋಟ್ ಅಂದರೆ ಅದೇ ಎರಡು ಮೋಟಾರಿಗೆ ಹನ್ನೆರಡು ವೇಷ.

ಮೊದಲ ದಿನವೇ ಕಾರು ಕಟ್ಟಿದಳು. ಕಿಟ್ ಜೊತೆ ಬಂದಿದ್ದ ಚೌಕದ 9 ವೋಲ್ಟ್ ಬ್ಯಾಟರಿ ಹಾಕಿದೆವು. ಆ್ಯಪ್‌ನಲ್ಲಿ ಮುಂದಿನ ಬಾಣ ಒತ್ತಿದ ತಕ್ಷಣ ಚಕ್ರ ಅರ್ಧ ಸುತ್ತು ತಿರುಗಿತು, ಬೋರ್ಡಿನ ದೀಪ ಆರಿ ಮತ್ತೆ ಹತ್ತಿತು, ಬ್ಲೂಟೂತ್ ಕಡಿದುಹೋಯಿತು. ಮತ್ತೆ ಒತ್ತಿದರೂ ಅದೇ ಕತೆ. "ಅಮ್ಮಾ, ನಾನೇ ಏನೋ ತಪ್ಪು ಜೋಡಿಸಿದೀನಿ" ಅಂತ ಮೂರು ಸಲ ಪೂರ್ತಿ ಬಿಚ್ಚಿ ಕಟ್ಟಿದಳು ಪಾಪ.

ತಪ್ಪು ಅವಳದಲ್ಲ, ಬ್ಯಾಟರಿಯದು. ನಿಂತ ಮೋಟಾರು ತಿರುಗಲು ಶುರುವಾಗುವ ಆ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಪುಟ್ಟ ಬ್ಯಾಟರಿಗೆ ಅಷ್ಟು ಕೊಡಲು ಆಗುವುದಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಗಡಿಯಾರಕ್ಕೆ ಹಾಕುವಂಥ ಆರು ಎಎ ಸೆಲ್ ಸಾಲಾಗಿ ಹಾಕಿದರೂ ಅದೇ 9 ವೋಲ್ಟ್, ಆದರೆ ತಾಕತ್ತು ಬೇರೆ. ಹಾಗೆ ಹಾಕಿದ ಮೇಲೆ ಕಾರು ಚೆನ್ನಾಗಿಯೇ ಓಡಿತು.

ಓಡಿದ್ದು ಎಂಟು ತಿಂಗಳು. ಆಮೇಲೆ ನಾನು ಫೋನ್ ಬದಲಾಯಿಸಿದೆ. ಹೊಸ ಫೋನಿಗೆ ಆ ಆ್ಯಪ್ ಹೊಂದುವುದಿಲ್ಲ ಅಂತ ಬಂತು. ಹಳೇ ಫೋನಿನಲ್ಲಿ ನೋಡೋಣ ಅಂದರೆ ಲಾಗಿನ್ ಆಗುತ್ತಿಲ್ಲ, ಕಂಪನಿಯ ಸರ್ವರ್ ಬಂದ್. ಆಟಿಕೆ ಕಾರು ಓಡಿಸಲು ಅಕೌಂಟ್ ಯಾಕೆ ಬೇಕಿತ್ತು ಅಂತ ನನಗೆ ಆಗಲೇ ಹೊಳೆಯಬೇಕಿತ್ತು, ಅಲ್ವಾ? ಕಂಪ್ಯೂಟರಿಗೆ ಜೋಡಿಸಿದೆ. ಬೋರ್ಡಿನ ಯುಎಸ್‌ಬಿ ಕಿಂಡಿ ಬರೀ ಕರೆಂಟಿಗೆ, ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಯಾವ ಚಿಪ್ ಅಂತಾದರೂ ನೋಡೋಣ ಅಂದರೆ ಅದರ ಮೇಲಿನ ಹೆಸರನ್ನು ಕೆರೆದು ಹಾಕಿದ್ದಾರೆ! ಮಾರಿದವರಿಗೆ ಬರೆದೆ. ಹೊಸ ಮಾಡೆಲ್ ತಗೊಳ್ಳಿ ಅಂತ ಉತ್ತರ.

ಸಣ್ಣ ಕಂಪನಿ, ಹಾಗೇ ಆಗುತ್ತೆ ಅನ್ನಬೇಡಿ. 1998ರಲ್ಲಿ ಬಂದ, ದೊಡ್ಡ ಆಟಿಕೆ ಕಂಪನಿ ಲೆಗೊದ ರೋಬೋಟ್ ಕಿಟ್ ಮೈಂಡ್‌ಸ್ಟಾರ್ಮ್ಸ್ ಕೂಡ 2022ರ ಕೊನೆಗೆ ನಿಂತಿತು. ಆದರೆ ಅದಕ್ಕೆ ಹೊರಗಿನವರೂ ಸಾಫ್ಟ್‌ವೇರ್ ಬರೆದಿದ್ದಾರೆ, ಹಾಗಾಗಿ ಹಳೇ ಕಿಟ್‌ಗಳು ಈಗಲೂ ಕೆಲಸಕ್ಕೆ ಬರುತ್ತವೆ.

ಅದಕ್ಕೇ ಡಬ್ಬದ ಚಿತ್ರ ಬಿಡಿ, ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಫೋನು, ಇಂಟರ್ನೆಟ್, ಅಕೌಂಟ್ ಯಾವುದೂ ಇಲ್ಲದೆ ವೈರಿನಿಂದ ಇದಕ್ಕೆ ಪ್ರೋಗ್ರಾಂ ಹಾಕಬಹುದಾ? ಆರ್ಡುಯಿನೋ, ಮೈಕ್ರೋಬಿಟ್ ಥರದ, ಯಾರು ಬೇಕಾದರೂ ಪ್ರೋಗ್ರಾಂ ಹಾಕಬಹುದಾದ ಬೋರ್ಡು ಇದ್ದರೆ ಆಗುತ್ತದೆ. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಸರ್ವೋ ಬಿಡಿಯಾಗಿ ಸಿಗುತ್ತಾ ಅಂತಲೂ ಕೇಳಿ. ಆ ಪುಟ್ಟ ನೀಲಿ ಸರ್ವೋದೊಳಗೆ ಪ್ಲಾಸ್ಟಿಕ್ ಗೇರು. ಮಕ್ಕಳು ಕೈಯಿಂದ ತಿರುಚಿದರೆ ಹಲ್ಲು ಹೋಯಿತು. ನಮ್ಮದು ಎರಡನೇ ವಾರವೇ ಹೋಯಿತು.

ಇನ್ನೊಂದು, ಮನೆಯಲ್ಲಿ ಪುಟ್ಟ ಮಗು ಇದ್ದರೆ ಆಟಿಕೆಗಳ ರಿಮೋಟ್ ತಿರುಗಿಸಿ ನೋಡಿ. ನಮ್ಮಲ್ಲಿದ್ದ ಒಂದರಲ್ಲಿ ಬಟನ್ ಸೆಲ್ ಇತ್ತು, ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಆ ರಿಮೋಟನ್ನು ಅವತ್ತೇ ಬೀರುವಿನ ಮೇಲಕ್ಕೆ ಹಾಕಿದೆ.

ಮೋಟಾರು, ಸೆನ್ಸರ್ ವೈರ್ ಕತ್ತರಿಸಿ ಈಗ ಒಂದು ಆರ್ಡುಯಿನೋಗೆ ಜೋಡಿಸಿದ್ದೇವೆ. ಗೋಡೆ ಹತ್ತಿರ ಬಂದರೆ ನಿಲ್ಲುತ್ತದೆ, ಒಮ್ಮೊಮ್ಮೆ ನಿಲ್ಲುವುದಿಲ್ಲ. ಅದು ಯಾಕೆ ಅಂತ ಮಗಳು ಹುಡುಕುತ್ತಿದ್ದಾಳೆ.