ಕಾಲುವೆ ದಂಡೆಯೋ, ಮೊರ್ವಾನ್ ಕಾಡೋ?

ಫ್ರಾನ್ಸಿನ ಬರ್ಗಂಡಿಯಲ್ಲಿ ನಡೆಯಲು ಎರಡೇ ದಿನವಿದ್ದರೆ ನಾನು ನಿವೆರ್ನೇ ಕಾಲುವೆಯ ದಂಡೆಯನ್ನೇ ಹಿಡಿಯುತ್ತೇನೆ. ಹಿಂದೆ ಕುದುರೆಗಳೂ ಜನರೂ ದೋಣಿ ಎಳೆಯುತ್ತಿದ್ದ ಹಾದಿಯದು. ಕಾಲುವೆಯ ಉದ್ದ 174 ಕಿ.ಮೀ.; ಏರಿಳಿತ ಕಡಿಮೆ. ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗೇಟುಗಳ ನಡುವೆ ನೀರು ತುಂಬುತ್ತಿದ್ದಂತೆ ದೋಣಿಯೊಂದು ಮೆಲ್ಲನೆ ಮೇಲೇಳುವುದನ್ನು ನೋಡುತ್ತ ಕುಳಿತರೆ ದಣಿವೇ ಮರೆತುಹೋಗುತ್ತದೆ. ಮಂಡಿನೋವಿನವರಿಗೆ, ಮಕ್ಕಳಿಗೆ ಇದೇ ಸರಿ. ಬೇಸಿಗೆಯಲ್ಲಿ ಮಾತ್ರ ಕೆಲವೆಡೆ ನೆರಳು ಸಿಗದು.

ಬರ್ಗಂಡಿಯದೇ ಗುಡ್ಡನಾಡಾದ ಮೊರ್ವಾನ್ ಕಾಡಿನಲ್ಲಿ ತಂಪಿದೆ, ಏರೂ ಇದೆ. ಅಲ್ಲಿನ ಅತಿ ಎತ್ತರದ ಶಿಖರ ಓ-ಫೊಲ್ಯಾಂ 901 ಮೀಟರ್. ಜಿಆರ್ 13 ಎಂಬ ದೂರದ ಕಾಲ್ನಡಿಗೆ ಹಾದಿಯ ಕೆಂಪು-ಬಿಳಿ ಪಟ್ಟಿಗಳನ್ನು ಮರಗಳ ಮೇಲೆ ಹುಡುಕುತ್ತ ಸಾಗಬೇಕು. ಮಳೆ ಬಿದ್ದರೆ ಕೆಸರು. ಗಟ್ಟಿ ಬೂಟು ಬೇಕೇ ಬೇಕು. ಶರತ್ಕಾಲದಲ್ಲಿ ಬೇಟೆ ನಡೆಯುತ್ತದೆ, ಎದ್ದು ಕಾಣುವ ಬಣ್ಣದ ಬಟ್ಟೆಯನ್ನೇ ತೊಡಿ. ಅಂದಹಾಗೆ, 1784ರಲ್ಲಿ ಆ ಕಾಲುವೆಯನ್ನು ತೋಡಲು ತೊಡಗಿದ್ದೇ ಪ್ಯಾರಿಸ್ಸಿನ ಒಲೆಗಳಿಗೆ ಈ ಕಾಡಿನ ಸೌದೆ ಸಾಗಿಸಲೆಂದು.