ಜಿಮ್ಮು, ಟ್ರೆಡ್‌ಮಿಲ್ಲು, ಕುಕ್ಕರಹಳ್ಳಿ ಕೆರೆ: ಮೂರನ್ನೂ ನೋಡಿ ಬಂದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಕೆರೆ ಪಾರ್ಟಿ, ಅಂದರೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವವನು. ಇಲ್ಲಿ ತಕ್ಕಡಿ ಹಿಡಿದ ನ್ಯಾಯ ಹುಡುಕಬೇಡಿ. ನಮ್ಮ ಹಾಲ್‌ನಲ್ಲಿ ಒಂಬತ್ತು ತಿಂಗಳು ನಿಂತಿದ್ದ ಟ್ರೆಡ್‌ಮಿಲ್ ಕೊಂಡ ಬೆಲೆಯ ಮೂರನೇ ಒಂದು ಪಾಲಿಗೂ ಹೋಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಥೆ ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ, ಆಫೀಸಿನವರು ಮಾಡಿಸಿದ ಹೆಲ್ತ್ ಚೆಕಪ್‌ನಿಂದ. ಆಗ ನನಗೆ 46 ವರ್ಷ. ಎತ್ತರ 168 ಸೆಂ.ಮೀ., ತೂಕ 74 ಕೆ.ಜಿ. 'ಸ್ವಲ್ಪ ಹೊಟ್ಟೆ ಬಂದಿದೆ, ಅಷ್ಟೇ' ಅಂದುಕೊಂಡಿದ್ದೆ. ಡಾಕ್ಟರು ದರ್ಜಿಯ ಹಾಗೆ ಟೇಪು ತೆಗೆದು ಸೊಂಟ ಸುತ್ತಿದರು. 96 ಸೆಂ.ಮೀ. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎಂದರು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 26. ಎಷ್ಟೋ ದೇಶಗಳಲ್ಲಿ 30 ಆದ ಮೇಲೆ ಬೊಜ್ಜು ಅನ್ನುತ್ತಾರೆ, ನಮಗೆ 25ಕ್ಕೇ ಗೆರೆ. ತೂಕ ಅಷ್ಟೇನೂ ಇಲ್ಲದಿದ್ದರೂ ಹೊಟ್ಟೆಯ ಒಳಗೆ ಕೊಬ್ಬು ಕೂರುವುದು, ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬರುವುದು ನಮ್ಮಲ್ಲಿ ಜಾಸ್ತಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅವರಿಗೂ ಹೀಗೇ ತೆಳು ಕೈಕಾಲು, ಮುಂದೆ ಒಂದು ಪುಟ್ಟ ಗುಡಾಣ. ಕನ್ನಡಿಯಲ್ಲಿ ಅವತ್ತು ಅವರೇ ಕಂಡರು.

ಮೊದಲು ಜಿಮ್. ವರ್ಷಕ್ಕೆ 14,000 ಕಟ್ಟಿದೆ. ತಿಂಗಳ ಲೆಕ್ಕದಲ್ಲಿ ಕಟ್ಟಿದರೆ ಜಾಸ್ತಿ ಬೀಳುತ್ತೆ, ವರ್ಷದ್ದು ಕಟ್ಟಿ ಸಾರ್ ಅಂದರು, ಕಟ್ಟಿದೆ. ಹೋಗಿದ್ದು ಹನ್ನೊಂದು ವಾರ. ಜಿಮ್‌ನದೇನೂ ತಪ್ಪಿಲ್ಲ. ಕಲಿಸುವ ಹುಡುಗ ಒಳ್ಳೆಯವನು, 'ಅಂಕಲ್, ಬೆನ್ನು ನೇರ, ಮಂಡಿ ಹೊರಗೆ' ಅಂತ ಪ್ರತಿ ಸಲ ತಿದ್ದುತ್ತಿದ್ದ. ಅಂಕಲ್ ಅಂದಿದ್ದು ಮಾತ್ರ ಸ್ವಲ್ಪ ಚುಚ್ಚಿತು. ಆದರೆ ನನ್ನ ಸಮಯ ಸಂಜೆ ಏಳು. ಆಫೀಸಿನಿಂದ ಮನೆಗೆ ಬಂದು, ಕಾಫಿ ಕುಡಿದು, ಮತ್ತೆ ಗಾಡಿ ತೆಗೆಯಬೇಕು. ಕಾಫಿ ಲೋಟ ಕೆಳಗಿಟ್ಟ ಮೇಲೆ ಗಾಡಿ ಕೀ ಕೈಗೆ ಬರುವುದೇ ಇಲ್ಲ. ದೀಪಾವಳಿಗೆ ನಾಲ್ಕು ದಿನ ಬಿಟ್ಟಿದ್ದು ಹದಿನೈದಾಯಿತು, ಆಮೇಲೆ ಆ ಬೀದಿಯಲ್ಲಿ ಹೋಗೋಕೇ ನಾಚಿಕೆ.

ಜಿಮ್‌ನಲ್ಲಿ ಒಂದು ವಿಷಯ ಮಾತ್ರ ಕಲಿತೆ. ನಡಿಗೆ ಒಂದೇ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕಸರತ್ತು ಎನ್ನುತ್ತದೆ. ಈಗ ಮನೆಯಲ್ಲೇ ಬಸ್ಕಿ ಹೊಡೆಯುತ್ತೇನೆ, ಐದು ಲೀಟರ್ ನೀರಿನ ಕ್ಯಾನ್ ಎತ್ತಿ ಇಳಿಸುತ್ತೇನೆ. ಗರಡಿಮನೆಗಳ ಊರಿನಲ್ಲಿ ಹುಟ್ಟಿ ಬಸ್ಕಿ ಕಲಿಯೋಕೆ 14,000 ಕೊಟ್ಟೆ ಅಂತ ಯಾರಿಗೂ ಹೇಳಬೇಡಿ.

ಇನ್ನು ಟ್ರೆಡ್‌ಮಿಲ್. 2024ರ ಜನವರಿಯಲ್ಲಿ 31,500ಕ್ಕೆ ತಂದೆ. ಮನೆಯಲ್ಲೇ ಇದ್ದರೆ ನೆಪ ಹೇಳೋಕಾಗಲ್ಲ ಎನ್ನುವುದು ನನ್ನ ಲೆಕ್ಕ. ನಾಲ್ಕು ತಿಂಗಳು ನಿಜಕ್ಕೂ ನಡೆದೆ. ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯ ಯಜಮಾನರು ಒಂದು ದಿನ ಗೇಟಿನ ಹತ್ತಿರ ಸಿಕ್ಕಿ, "ಏನ್ ಸಾರ್, ಬೆಳಬೆಳಗ್ಗೆ ರಾಗಿ ಬೀಸ್ತೀರಾ?" ಅಂದರು. ಯಂತ್ರದ ಕೆಳಗೆ ರಬ್ಬರ್ ಮ್ಯಾಟ್ ಹಾಕಿಸಿದೆ, ಅದು ಮುಗಿಯಿತು. ಕ್ಯಾಲೊರಿ ತೋರಿಸುವ ಅಂಕಿಯನ್ನು ನಂಬಬೇಡಿ. ನನ್ನ ತೂಕ ಎಷ್ಟು ಅಂತ ಒಂದು ಸಲವೂ ಕೇಳದೆ ಇಷ್ಟು ಕರಗಿತು ಅನ್ನುವ ಯಂತ್ರ ಅದು.

ಇವೆಲ್ಲ ಸಣ್ಣ ವಿಷಯ. ನನ್ನನ್ನು ಸೋಲಿಸಿದ್ದು ಸೇಫ್ಟಿ ಕೀ.

ನೋಡದವರಿಗೆ ಹೇಳುತ್ತೇನೆ. ಕೀ ಅಂದರೆ ಬೀಗದ ಕೈ ಅಲ್ಲ. ಕೆಂಪು ಪ್ಲಾಸ್ಟಿಕ್ಕಿನೊಳಗೆ ನಾಣ್ಯದಷ್ಟು ಅಯಸ್ಕಾಂತ, ಅದಕ್ಕೊಂದು ದಾರ, ದಾರದ ತುದಿಯಲ್ಲಿ ಅಂಗಿಗೆ ಸಿಕ್ಕಿಸುವ ಕ್ಲಿಪ್. ಅಯಸ್ಕಾಂತ ತನ್ನ ಜಾಗದಲ್ಲಿ ಕೂತರೆ ಮಾತ್ರ ಬೆಲ್ಟ್ ತಿರುಗುತ್ತದೆ. ಕಾಲು ಜಾರಿ ಹಿಂದೆ ಸರಿದರೆ ದಾರ ಎಳೆದು ಅದು ಕಿತ್ತು ಬರುತ್ತದೆ, ಬೆಲ್ಟ್ ನಿಲ್ಲುತ್ತದೆ. ಒಳ್ಳೆಯ ಏರ್ಪಾಡೇ. ತಂಗಿಯ ಮಗು ಮನೆಗೆ ಬಂದಾಗಲೆಲ್ಲ ಟ್ರೆಡ್‌ಮಿಲ್ ಹತ್ತುತ್ತಿತ್ತು, ಹಾಗಾಗಿ ನಡೆದು ಮುಗಿದ ಮೇಲೆ ಕೀ ತೆಗೆದು ಫ್ರಿಜ್ ಮೇಲ್ಗಡೆ ಅಂಟಿಸಿಡುತ್ತಿದ್ದೆವು. ಮೇ ತಿಂಗಳ ಒಂದು ಬೆಳಗ್ಗೆ ನೋಡಿದರೆ ಇಲ್ಲ. ಸೋಫಾ ಎತ್ತಿದೆವು, ಕಸದ ಬುಟ್ಟಿ ಸುರಿದೆವು, ದೇವರ ಗೂಡಿನ ಹಿಂದೆಯೂ ಕೈ ಹಾಕಿದೆವು. ಟ್ರೆಡ್‌ಮಿಲ್ ಹಾಕಿದರೆ ಪರದೆಯ ಮೇಲೆ ಬರೀ ಮೂರು ಗೆರೆ. 31,500 ರೂಪಾಯಿಯ ಯಂತ್ರ ಒಂದು ಹುಣಸೆ ಬೀಜದಂಥ ತುಂಡಿಗೆ ಕಾಯುತ್ತಾ ಕೂತಿತು.

ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. "ಅದು ಸ್ಪೇರ್ ಪಾರ್ಟಲ್ಲ ಸಾರ್, ಆಕ್ಸೆಸರಿ. ವಾರಂಟಿಗೆ ಬರಲ್ಲ" ಅಂದರು. ಸರಿ, ದುಡ್ಡು ಕೊಡ್ತೀನಿ ಕಳಿಸಿ ಅಂದೆ. ಮೂರು ವಾರ ಆಯಿತು. ಬಂದ ಕೀ ದುಂಡಗಿತ್ತು, ನಮ್ಮ ಯಂತ್ರದ ಗುಳಿ ಚೌಕ. ಫೋಟೊ ತೆಗೆದು ಕಳಿಸಿದೆ. ಫೋಟೊ ಮಸುಕಾಗಿದೆ ಅಂದರು, ಮತ್ತೆ ಕಳಿಸಿದೆ. ಈ ಮಧ್ಯೆ ಒಬ್ಬ ಮೆಕ್ಯಾನಿಕ್, "ಯಾವ ಅಯಸ್ಕಾಂತ ಇಟ್ಟರೂ ನಡೆಯುತ್ತೆ ಸಾರ್" ಅಂದ. ಫ್ರಿಜ್‌ಗೆ ಅಂಟಿಸಿದ್ದ ಒಂದು ಬೊಂಬೆ ತಂದಿಟ್ಟೆ. ಟಕ್ಕಂತ ಬೆಲ್ಟ್ ತಿರುಗಿತು! ನನಗೋ ಯುದ್ಧ ಗೆದ್ದ ಖುಷಿ. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು. "ರೀ, ಇದಕ್ಕೆ ದಾರ ಎಲ್ಲಿ? ಬಿದ್ರೆ ನಿಲ್ಲಿಸೋರು ಯಾರು?" ಅಂದಳು. ಉತ್ತರ ಇರಲಿಲ್ಲ. ಬೊಂಬೆ ವಾಪಸ್ ಫ್ರಿಜ್‌ಗೆ ಹೋಯಿತು.

ಸರಿಯಾದ ಕೀ ಬರುವಷ್ಟರಲ್ಲಿ ಆರು ವಾರ. ಅಷ್ಟು ಹೊತ್ತಿಗೆ ಅಭ್ಯಾಸ ತಪ್ಪಿತ್ತು. ಟ್ರೆಡ್‌ಮಿಲ್ ಹಿಡಿಯ ಮೇಲೆ ಮೊದಲು ಒಂದು ಟವೆಲ್ ಬಂತು, ಮಳೆ ಶುರುವಾದ ಮೇಲೆ ಇಡೀ ಮನೆಯ ಒಗೆದ ಬಟ್ಟೆ ಬಂತು, ಗೌರಿ ಹಬ್ಬದ ಹೊತ್ತಿಗೆ ಬೆಲ್ಟಿನ ಮೇಲೆ ಬಾಗಿನದ ಮೊರಗಳು. ಸೆಪ್ಟೆಂಬರ್‌ನಲ್ಲಿ 9,000ಕ್ಕೆ ಕೊಟ್ಟೆ. ಅಕ್ಟೋಬರ್‌ನಲ್ಲಿ ಆಯುಧಪೂಜೆಗೆ ಮನೆ ಗುಡಿಸಲು ಫ್ರಿಜ್ ಸರಿಸಿದಾಗ, ಅದರ ಬೆನ್ನಿಗೆ ಧೂಳು ಮೆತ್ತಿಕೊಂಡು ಅಂಟಿತ್ತು ಹಳೇ ಕೀ. ಈಗ ಅದರಲ್ಲಿ ಹಾಲಿನ ಚೀಟಿ ಸಿಕ್ಕಿಸುತ್ತೇವೆ.

ಕೆರೆಗೆ ಹೋಗೋಕೆ ಶುರು ಮಾಡಿದ್ದು 2024ರ ಆಗಸ್ಟ್‌ನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಸುತ್ತು ಬರೋದು ಸುಮಾರು ನಾಲ್ಕೂವರೆ ಕಿಲೋಮೀಟರ್. ನನಗೆ ಐವತ್ತೈದು ನಿಮಿಷ ಹಿಡಿಯುತ್ತದೆ. ಮರಗಳ ಮೇಲೆ ಹೆಜ್ಜಾರ್ಲೆಗಳು ದೊಡ್ಡ ಕೊಕ್ಕು ಎದೆಗಿಟ್ಟುಕೊಂಡು, ಫೈಲು ಮುಂದಿಟ್ಟು ನಿದ್ದೆ ಮಾಡುವ ಗುಮಾಸ್ತರ ಹಾಗೆ ಕೂತಿರುತ್ತವೆ. ಇದಕ್ಕಿಂತ ದೊಡ್ಡ ಅನುಕೂಲ ಒಂದಿದೆ. ಟ್ರೆಡ್‌ಮಿಲ್‌ನಲ್ಲಿ ಹದಿನೈದು ನಿಮಿಷಕ್ಕೆ ಬೇಜಾರಾದರೆ ಬಟನ್ ಒತ್ತಿ ಇಳಿಯಬಹುದು. ಕೆರೆಯಲ್ಲಿ ಅರ್ಧ ಸುತ್ತು ಬಂದ ಮೇಲೆ ಬೇಜಾರಾದರೂ ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ. ನನ್ನಂಥ ಸೋಮಾರಿಗೆ ಇಂಥ ಬಲೆಯೇ ಬೇಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಬೇಕು ಅಂತ ಜೊತೆಯವರು ವಾಚು ನೋಡಿಕೊಂಡೇ ನಡೆಯುತ್ತಾರೆ. ಆ ಹತ್ತು ಸಾವಿರ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್'. ಜಾಹೀರಾತಿಗೆ ಚೆನ್ನಾಗಿರುವ ಅಂಕಿ. ಅಷ್ಟಾಗದಿದ್ದರೆ ನಡೆದದ್ದು ದಂಡ ಅಂತೇನಿಲ್ಲ.

ಕೆರೆಯ ದೋಷವನ್ನೂ ಹೇಳಬೇಕಲ್ಲ. ಮಳೆ ಒಂದು ದೋಷ, ಬೀದಿ ನಾಯಿಗಳು ಇನ್ನೊಂದು. ದೊಡ್ಡ ದೋಷ ಜೊತೆಯವರು. ಸುತ್ತು ಮುಗಿದ ತಕ್ಷಣ ನಾಲ್ಕು ಜನ ಸೇರಿ ಹೋಟೆಲ್. "ಇಷ್ಟು ನಡೆದಿದ್ದೀವಲ್ಲ, ಒಂದು ಮಸಾಲೆ ದೋಸೆ ಆಗಲಿ." ಮೇಲೆ ಬೆಣ್ಣೆ. ಮೂರು ತಿಂಗಳು ಹೀಗೆ ನಡೆದು ತೂಕ ನೋಡಿದರೆ 73.5. ಅರ್ಧ ಕೆ.ಜಿ.ಗೆ ಮೂರು ತಿಂಗಳು! ಅವತ್ತು ಕೂತು ಲೆಕ್ಕ ಹಾಕಿದೆ. ನನ್ನ ತೂಕದವನು ಕೆರೆ ಒಂದು ಸುತ್ತು ಬಂದರೆ ಖರ್ಚಾಗೋದು ಹೆಚ್ಚೆಂದರೆ 250 ಕ್ಯಾಲೊರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲೂ ಅಷ್ಟೇ ಇದೆ. ಅಂದರೆ ಐವತ್ತೈದು ನಿಮಿಷದ ಬೆವರನ್ನು ಕಾವಲಿಯ ಮೇಲೆ ಎರಡು ಸಲ ಕೈ ಆಡಿಸಿ ವಾಪಸ್ ತರಬಹುದು.

ಹಾಗಾಗಿ ಈ ಹೋಲಿಕೆಯಲ್ಲಿ ಒಂದು ಹೆಜ್ಜೆ ಹೊರಗೆ ಹೋಗಿ ಎಣ್ಣೆ ಬಗ್ಗೆ ಹೇಳಲೇಬೇಕು. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿಯುತ್ತಿತ್ತು. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ತಲೆಗೆ ದಿನಕ್ಕೆ 38 ಗ್ರಾಂ ಬಿತ್ತು, ತುಪ್ಪ ಬಿಟ್ಟು, ಹೋಟೆಲ್ ಬಿಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆ ಇದೆ. ಅದರಲ್ಲಿ ಎಣ್ಣೆ, ಕೊಬ್ಬು ಎಲ್ಲ ಸೇರಿ 27 ಗ್ರಾಂ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮನೆಯಲ್ಲಿ ಈ ಕೊನೆಯ ಎರಡು ಅಂಕಿ ಅದಲುಬದಲಾಗಿದ್ದವು. ಪಲ್ಯ ಅನ್ನೋದು ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿಯ ನೆಂಟನ ಹಾಗೆ ಇರುತ್ತಿತ್ತು.

ತಿಂಗಳ ಮೊದಲ ದಿನ ಮೂರು ಲೀಟರ್ ಮಾತ್ರ ಮನೆಗೆ ತರೋದು ಅಂತ ತೀರ್ಮಾನ ಆಯಿತು. ಮುಗಿದರೆ ಮುಗಿಯಿತು. ಮೊದಲ ತಿಂಗಳು 24ಕ್ಕೇ ಮುಗಿದು, ಉಳಿದ ದಿನ ಬೇಯಿಸಿದ ತೊವ್ವೆ, ಉಪ್ಸಾರು, ಮುದ್ದೆಯಲ್ಲಿ ಕಳೆದೆವು. ಮಗ ಮುಖ ಊದಿಸಿಕೊಂಡ, ಆಮೇಲೆ ಉಪ್ಸಾರಿನ ಖಾರಕ್ಕೆ ಒಗ್ಗಿಕೊಂಡ. ಅಂದಹಾಗೆ, ಮುದ್ದೆ ತಿಂದರೆ ತಾನಾಗಿ ಸಣ್ಣಗಾಗ್ತಾರೆ ಅನ್ನೋದನ್ನು ನಾನೂ ನಂಬಿದ್ದೆ. ನೂರು ಗ್ರಾಂ ರಾಗಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಒಂದು ಮುದ್ದೆಗೆ ಹೊಟ್ಟೆ ತುಂಬುತ್ತದೆ. ಎರಡನೇ ಮುದ್ದೆಗೆ ಕೈ ಚಾಚಿದರೆ ಆ ಲಾಭ ಅಲ್ಲೇ ಹೋಯಿತು.

2025ರ ಅಕ್ಟೋಬರ್‌ನಲ್ಲಿ ತೂಕ 68.5, ಸೊಂಟ 90. ಬಿಎಂಐ 24ರ ಮೇಲೆ ಚೂರು. ನಮ್ಮ ಲೆಕ್ಕದಲ್ಲಿ 23 ದಾಟಿದರೆ ಇನ್ನೂ ಹೆಚ್ಚುವರಿ ತೂಕವೇ, ಹಾಗಾಗಿ ಎದೆ ಉಬ್ಬಿಸೋಕೆ ಏನಿಲ್ಲ. ಹದಿನಾಲ್ಕು ತಿಂಗಳಿಗೆ ಐದೂವರೆ ಕೆ.ಜಿ. ಅಂದಾಗ ಜಾಹೀರಾತು ನೋಡಿ ಬೆಳೆದವರು ನಗುತ್ತಾರೆ. ನಗಲಿ.

ನೀವು ಬೆಳಗ್ಗೆ ಏಳಲಾಗದವರು, ರಾತ್ರಿ ಪಾಳಿಯವರು, ಸಂಜೆ ಒಂಟಿಯಾಗಿ ಹೊರಗೆ ನಡೆಯೋಕೆ ಹಿಂಜರಿಯುವ ಹೆಣ್ಣುಮಕ್ಕಳು ಆಗಿದ್ದರೆ ನನ್ನ ಮಾತು ಕೇಳಬೇಡಿ. ನಿಮಗೆ ಟ್ರೆಡ್‌ಮಿಲ್ಲೇ ಸರಿ ಇರಬಹುದು. ಆದರೆ ಕೊಳ್ಳುವ ದಿನವೇ ಅಂಗಡಿಯವನ ಹತ್ತಿರ ಎರಡನೇ ಸೇಫ್ಟಿ ಕೀ ಇಸಕೊಳ್ಳಿ. ಮಂಡಿ ನೋವಿದ್ದವರು, ಸರಿಯಾಗಿ ಕಲಿಸುವವರು ಬೇಕು ಎನ್ನುವವರು ಜಿಮ್‌ಗೆ ಹೋಗಿ, ಮೂರು ತಿಂಗಳದ್ದು ಮಾತ್ರ ಕಟ್ಟಿ. ಆರಕ್ಕೆ ಎಚ್ಚರಾಗುವ, ಕೈಯಲ್ಲಿ ದುಡ್ಡು ನಿಲ್ಲದ, ನೆಪ ಹುಡುಕುವುದರಲ್ಲಿ ಪಳಗಿದ ನನ್ನಂಥವರಿಗೆ ಕೆರೆ, ಜೊತೆಗೆ ಮೂರು ಲೀಟರ್ ಎಣ್ಣೆ. ನನಗೆ ಇಲ್ಲಿಯವರೆಗೆ ಆಗಿರುವ ಖರ್ಚು 2,800 ರೂಪಾಯಿಯ ಒಂದು ಜೊತೆ ಬೂಟು, ಒಂದು ಕೊಡೆ. ದೋಸೆ ಇನ್ನೂ ತಿನ್ನುತ್ತೇನೆ, ಭಾನುವಾರ ಮಾತ್ರ, ಬೆಣ್ಣೆ ಬೇಡ ಅಂತ ಹೇಳಿ. ಮಾಣಿ ಕೇಳಿಸಿಕೊಂಡರೂ ಅರ್ಧ ಸಲ ಹಾಕಿಯೇ ತರುತ್ತಾನೆ.